ತಾಮ್ರದ ಹಂಡೆಯಿಂದ ತಾಲ್ಲೂಕು ಕಚೇರಿಯವರೆಗೆ: ಮನೆಯ ಹಳೆಯ ವಸ್ತುಗಳ ಮೂಲಕ ಪೂರ್ವಿಕರನ್ನು ಗುರುತಿಸುವ ಕ್ರಮ

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಸೀಮೆಯಲ್ಲಿ ಹೆಂಚಿನ ಮನೆಗಳೂ ತೊಟ್ಟಿಮನೆಗಳೂ ಇಳಿದು ಆರ್‌ಸಿಸಿ ಮನೆಗಳು ಏಳುತ್ತಿರುವ ಈ ವರ್ಷಗಳಲ್ಲಿ, ಅಟ್ಟದ ಮೇಲಿನ ಟ್ರಂಕು, ದೇವರ ಗೂಡಿನ ಪಂಚಪಾತ್ರೆ, ನಡುಮನೆಯ ಗೋಡೆಯಲ್ಲಿ ತೂಗುತ್ತಿದ್ದ ಕಟ್ಟು ಹಾಕಿದ ಪಟಗಳು, ಬಚ್ಚಲಿನ ಹಂಡೆ ಎಲ್ಲವೂ ಒಂದೇ ಮಧ್ಯಾಹ್ನದಲ್ಲಿ ಗುಜರಿಯವನ ತಕ್ಕಡಿಗೆ ಸೇರಿಬಿಡುತ್ತವೆ. ಮುತ್ತಾತನ ಹೆಸರಿನಿಂದಾಚೆಗೆ ಏನೂ ತಿಳಿಯದು ಎನ್ನುವ ಮನೆಗಳಲ್ಲಿಯೂ, ತಿಳಿಯುವುದಕ್ಕೆ ಬೇಕಾದ ಆಧಾರಗಳು ಬಹಳ ಸಲ ಹೀಗೆ ತೂಕಕ್ಕೆ ಹೋಗುವ ಸಾಮಾನಿನಲ್ಲಿಯೇ ಇರುತ್ತವೆ. ಅವನ್ನು ಉಳಿಸಿಕೊಂಡು, ಓದಿ, ಸರ್ಕಾರಿ ದಾಖಲೆಗಳೊಡನೆ ಹೊಂದಿಸಿ ವಂಶದ ಚರಿತ್ರೆಯನ್ನು ಕಟ್ಟುವ ಕೆಲಸವನ್ನು ಯಾವ ಕ್ರಮದಲ್ಲಿ ಮಾಡಬಹುದು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಎಲ್ಲಕ್ಕಿಂತ ಮೊದಲು ಒಂದು ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ನಮ್ಮ ಕಡೆಯ ಕಾಗದಪತ್ರಗಳು ಗಂಡಸರ ಹಿಂದೆ ಹೋಗುತ್ತವೆ. ಪಾತ್ರೆ ಪದಾರ್ಥಗಳು ಹೆಣ್ಣುಮಕ್ಕಳ ಹಿಂದೆ ಹೋಗುತ್ತವೆ. ಪಹಣಿ, ಖಾತೆ, ಪಾಲುಪಟ್ಟಿಗಳಲ್ಲಿ ತಂದೆಯಿಂದ ಮಗನಿಗೆ ಹೆಸರು ಇಳಿದು ಬರುತ್ತದೆ, ಆದರೆ ಆ ಮನೆಗೆ ಬಂದ ಸೊಸೆ ಯಾವ ಊರಿನವಳು, ಆ ಮನೆಯಿಂದ ಹೋದ ಮಗಳು ಎಲ್ಲಿಗೆ ಹೋದಳು ಎಂಬುದನ್ನು ಅವು ಹೇಳುವುದು ಅಪರೂಪ. ಆದ್ದರಿಂದ ಕಾಗದವನ್ನು ಮಾತ್ರ ಹಿಡಿದು ಹೊರಟವರಿಗೆ ವಂಶದ ಅರ್ಧ ಭಾಗ ಮಾತ್ರ ದೊರೆಯುತ್ತದೆ.

ಮೊದಲನೆಯ ಹೆಜ್ಜೆ: ಉಜ್ಜುವ ಮುನ್ನ ನೋಡುವುದು

ಹಳೆಯ ಸಾಮಾನು ಅಟ್ಟದಿಂದ ಇಳಿದ ಕೂಡಲೇ ಅದನ್ನು ಹುಣಸೆಹಣ್ಣು ಹಾಕಿ ತೊಳೆಯುವುದಾಗಲೀ ಒದ್ದೆ ಬಟ್ಟೆಯಿಂದ ಒರೆಸುವುದಾಗಲೀ ಮಾಡಬಾರದು. ಪಾತ್ರೆಯ ಕಂಠದ ಮೇಲಿನ ಅಕ್ಷರಗಳು ದಶಕಗಳ ಉಜ್ಜುವಿಕೆಯಿಂದ ಈಗಾಗಲೇ ಸವೆದಿರುತ್ತವೆ. ಇನ್ನೊಂದು ಸಲ ತಿಕ್ಕಿದರೆ ಕೊನೆಯ ಗೀರೂ ಹೋಗಬಹುದು. ಟ್ರಂಕನ್ನು ತೆರೆದಾಗ ಒಳಗಿನದನ್ನು ಹೊರಗೆ ಸುರಿಯದೆ, ಮೇಲಿನಿಂದ ಒಂದೊಂದೇ ಪದರವನ್ನು ಎತ್ತುತ್ತ, ಪ್ರತಿ ಪದರದ ಫೋಟೊ ತೆಗೆದುಕೊಳ್ಳಬೇಕು. ಯಾವ ಪತ್ರ ಯಾವ ಸೀರೆಯ ಮಡಿಕೆಯಲ್ಲಿತ್ತು, ಯಾವ ಫೋಟೊ ಯಾವ ಪುಸ್ತಕದ ನಡುವೆ ಇತ್ತು ಎಂಬುದೂ ಒಂದು ಸಾಕ್ಷ್ಯ. ಅಜ್ಜಿಯ ಧಾರೆಸೀರೆಯೊಳಗೆ ದೊರೆತ ಕಾಗದ ಅವರ ತವರಿಗೆ ಸಂಬಂಧಿಸಿದ್ದಿರಬಹುದು. ಆ ಸಂಬಂಧ ಕಳಚಿದ ಮೇಲೆ ಅದು ಬರಿಯ ಕಾಗದವಾಗುತ್ತದೆ.

ಪ್ರತಿ ವಸ್ತುವಿಗೂ ಒಂದು ಸಂಖ್ಯೆ ಕೊಟ್ಟು, ಆ ಸಂಖ್ಯೆಯ ಚೀಟಿಯನ್ನು ಹತ್ತಿಯ ದಾರದಿಂದ ಸಡಿಲವಾಗಿ ಕಟ್ಟಿ, ಗಟ್ಟಿ ರಟ್ಟಿನ ನೋಟ್‌ಬುಕ್ಕಿನಲ್ಲಿ ಅದೇ ಸಂಖ್ಯೆಯ ಎದುರು ವಸ್ತು ಯಾವುದು, ಎಲ್ಲಿ ಸಿಕ್ಕಿತು, ಅದರ ಮೇಲೆ ಏನು ಬರೆದಿದೆ, ಯಾರು ಅದರ ಬಗ್ಗೆ ಏನು ಹೇಳಿದರು ಎಂಬುದನ್ನು ಬರೆಯಬೇಕು. ಅಂಟಿಸುವ ಚೀಟಿ, ಸೆಲ್ಲೋಟೇಪು, ಸ್ಟೇಪ್ಲರ್ ಪಿನ್ನು ಯಾವುದೂ ಬೇಡ.

ಎರಡನೆಯ ಹೆಜ್ಜೆ: ವಸ್ತುವನ್ನು ಎದುರಿಗಿಟ್ಟು ಹಿರಿಯರನ್ನು ಕೇಳುವುದು

ಕಚೇರಿಯ ದಾಖಲೆ ಮುಂದಿನ ವರ್ಷವೂ ಅಲ್ಲಿಯೇ ಇರುತ್ತದೆ, ಎಂಬತ್ತೈದು ದಾಟಿದ ಸೋದರತ್ತೆಯ ನೆನಪು ಹಾಗಲ್ಲ. ಆದ್ದರಿಂದ ಈ ಹೆಜ್ಜೆಯನ್ನು ಎಂದಿಗೂ ಮುಂದೂಡಬಾರದು. ಮನೆಯಲ್ಲಿ ಉಳಿದ ಗಂಡುಮಕ್ಕಳಿಗಿಂತ ಮದುವೆಯಾಗಿ ಹೊರಗೆ ಹೋದ ಹೆಣ್ಣುಮಕ್ಕಳು ಹಳೆಯ ಮನೆಯ ವಿವರಗಳನ್ನು ಚೆನ್ನಾಗಿ ನೆನಪಿಟ್ಟುಕೊಂಡಿರುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ತವರನ್ನು ಬಿಟ್ಟುಹೋದವರಿಗೆ ಅದು ಬಿಟ್ಟ ದಿನ ಇದ್ದಂತೆಯೇ ಮನಸ್ಸಿನಲ್ಲಿ ನಿಂತಿರುತ್ತದೆ ಎಂದು ತೋರುತ್ತದೆ.

“ನಮ್ಮ ವಂಶದ ಬಗ್ಗೆ ಹೇಳಿ” ಎಂದು ಕೇಳಿದರೆ ಯಾರಿಗೂ ಏನೂ ತೋಚುವುದಿಲ್ಲ. ಗಂಗಾಳವನ್ನು ಕೈಗೆ ಕೊಟ್ಟು “ಅತ್ತೆ, ಇದು ಯಾವ ಊರಿಂದ ಬಂತು? ಯಾರ ಮದುವೆಗೆ ಕೊಟ್ಟದ್ದು?” ಎಂದು ಕೇಳಬೇಕು. ಮೊದಲ ಉತ್ತರಕ್ಕೆ ತೃಪ್ತಿಪಡದೆ, ಆಗ ಮನೆಯಲ್ಲಿ ಯಾರು ಯಾರು ಇದ್ದರು, ಮಳೆ ಬೆಳೆ ಹೇಗಿತ್ತು, ಕೆರೆ ತುಂಬಿತ್ತೇ, ಊರಿಗೆ ಬಸ್ಸು ಬಂದಿತ್ತೇ, ದೀಪ ಬಂದಿತ್ತೇ ಎಂದು ಮುಂದುವರಿಸಬೇಕು; ಇಸವಿ ಹೇಳಲಾಗದವರು ಇಂಥ ಗುರುತುಗಳನ್ನು ಖಚಿತವಾಗಿ ಹೇಳುತ್ತಾರೆ. ಅವರ ಒಪ್ಪಿಗೆ ಪಡೆದು ಮೊಬೈಲಿನಲ್ಲಿ ಮಾತನ್ನು ಧ್ವನಿಮುದ್ರಿಸಿಕೊಂಡು, ಆರಂಭದಲ್ಲಿಯೇ ದಿನಾಂಕ, ಊರು ಮತ್ತು ಮಾತನಾಡುವವರ ಹೆಸರನ್ನು ಹೇಳಿಸಬೇಕು. ಚಿಂತಾಮಣಿ, ಬಾಗೇಪಲ್ಲಿ, ಶ್ರೀನಿವಾಸಪುರ, ಪಾವಗಡದ ಕಡೆಯ ಹಿರಿಯರು ತೆಲುಗಿನಲ್ಲಿ ಹೇಳತೊಡಗಿದರೆ ಅವರನ್ನು ಕನ್ನಡಕ್ಕೆ ಎಳೆಯಬಾರದು. ನೆನಪು ಯಾವ ಮಾತಿನಲ್ಲಿ ಬರುತ್ತದೆಯೋ ಅದರಲ್ಲಿಯೇ ಬರಲಿ.

ದತ್ತು, ಎರಡನೆಯ ಮದುವೆ, ಸಾಲಕ್ಕೆ ಹೋದ ಜಮೀನು, ಮನೆಅಳಿಯತನ ಇವುಗಳ ಬಗ್ಗೆ ಮಾತು ನಿಧಾನವಾಗಿ ಬರುತ್ತದೆ. ಮನೆಅಳಿಯತನ ವಿಶೇಷವಾಗಿ ಮುಖ್ಯ. ಗಂಡುಮಕ್ಕಳಿಲ್ಲದ ಮನೆಗೆ ಅಳಿಯ ಬಂದು ನೆಲೆಸಿದಾಗ ಜಮೀನು ಮಗಳ ಕಡೆಯಿಂದ ಬಂದಿರುತ್ತದೆ, ಆದರೆ ಮುಂದಿನ ಪೀಳಿಗೆಯ ಹೆಸರುಗಳು ಅಳಿಯನ ಕಡೆಯಿಂದ ನಡೆಯುತ್ತವೆ. ದಾಖಲೆಯಲ್ಲಿ ಹೆಸರುಗಳು ಥಟ್ಟನೆ ಬದಲಾಗಿ ದಾರಿ ತಪ್ಪಿದಂತೆ ಕಂಡಾಗ ಅದಕ್ಕೆ ಇದೇ ಕಾರಣವಾಗಿರುವುದುಂಟು. ಇಬ್ಬರು ಹಿರಿಯರು ಒಂದೇ ಸಂಗತಿಯನ್ನು ಬೇರೆ ಬೇರೆಯಾಗಿ ಹೇಳಿದರೆ ಎರಡನ್ನೂ ಹೇಳಿದವರ ಹೆಸರಿನೊಡನೆ ಬರೆದಿಡಬೇಕು. ಯಾರದು ಸರಿ ಎಂಬ ತೀರ್ಮಾನಕ್ಕೆ ಅವಸರವಿಲ್ಲ.

ಮೂರನೆಯ ಹೆಜ್ಜೆ: ಪಾತ್ರೆಗಳನ್ನು ಓದುವುದು

ಹಂಡೆ, ಕೊಳಗ, ಬಿಂದಿಗೆ, ಚೊಂಬು, ಹರಿವಾಣ, ತಪ್ಪಲೆ ಇವುಗಳ ಕಂಠದ ಸುತ್ತ, ಅಂಚಿನ ಕೆಳಗೆ ಅಥವಾ ತಳದಲ್ಲಿ ಉಳಿಯಿಂದ ಚುಕ್ಕಿ ಚುಕ್ಕಿಯಾಗಿ ಹೊಡೆದ ಅಕ್ಷರಗಳಿರುತ್ತವೆ. ನೇರ ಬೆಳಕಿನಲ್ಲಿ ಅವು ಕಾಣುವುದಿಲ್ಲ. ಕೋಣೆಯನ್ನು ಕತ್ತಲು ಮಾಡಿ, ಟಾರ್ಚನ್ನು ಪಾತ್ರೆಯ ಮೈಗೆ ಬಹುತೇಕ ತಾಗುವಂತೆ ಪಕ್ಕದಿಂದ ಹಿಡಿದರೆ ಪ್ರತಿಯೊಂದು ಚುಕ್ಕಿಯ ಗುಳಿಯಲ್ಲಿಯೂ ನೆರಳು ನಿಂತು ಅಕ್ಷರ ಎದ್ದು ಬರುತ್ತದೆ. ಟಾರ್ಚಿನ ದಿಕ್ಕನ್ನು ಬದಲಿಸುತ್ತ ಹಲವು ಫೋಟೊ ತೆಗೆಯಬೇಕು, ಏಕೆಂದರೆ ಎಡಗಡೆಯ ಬೆಳಕಿನಲ್ಲಿ ‘ಪ’ದಂತೆ ಕಂಡದ್ದು ಮೇಲಿನ ಬೆಳಕಿನಲ್ಲಿ ‘ವ’ ಆಗಿರಬಹುದು. ಇದಲ್ಲದೆ ತೆಳು ಕಾಗದವನ್ನು ಮೇಲಿಟ್ಟು ಮೆತ್ತನೆಯ ಪೆನ್ಸಿಲನ್ನು ಓರೆಯಾಗಿ ಹಗುರವಾಗಿ ಆಡಿಸಿದರೂ ಅಚ್ಚು ಮೂಡುತ್ತದೆ.

ಓದಿದ ಮೇಲೆ ಇನಿಷಿಯಲ್ಲುಗಳನ್ನು ಬಿಡಿಸಬೇಕು. ಹಳೆಯ ಮೈಸೂರು ಸೀಮೆಯಲ್ಲಿ ಸಾಮಾನ್ಯವಾಗಿ ಮೊದಲ ಅಕ್ಷರ ಊರಿನದು, ಎರಡನೆಯದು ತಂದೆಯದು. ಮದುವೆಯಾದ ಹೆಣ್ಣಿನ ಹೆಸರಿನಲ್ಲಾದರೆ ಗಂಡನದೂ ಆಗಿರಬಹುದು. ತೆಲುಗು ಮನೆಮಾತಿನವರಲ್ಲಿ ಮೊದಲ ಅಕ್ಷರ ಇಂಟಿಪೇರಿನದು, ಎಂದರೆ ಮನೆತನದ ಹೆಸರಿನದಾಗಿರುತ್ತದೆ. ಹೀಗಾಗಿ ಗುಬ್ಬಿ ತಾಲ್ಲೂಕಿನ ಒಂದು ಮನೆಯ ಹಂಡೆಯ ಮೇಲೆ “ತಿ. ರಂ. ಲಕ್ಷ್ಮಮ್ಮ” ಎಂದಿದ್ದರೆ, ‘ತಿ’ ತಿಪಟೂರೋ ಇನ್ನಾವುದೋ ಊರೋ, ‘ರಂ’ ರಂಗಪ್ಪನೋ ರಂಗಯ್ಯನೋ, ಆತ ಲಕ್ಷ್ಮಮ್ಮನವರ ತಂದೆಯೋ ಗಂಡನೋ ಎಂಬ ಮೂರು ಪ್ರಶ್ನೆಗಳು ಹುಟ್ಟುತ್ತವೆ. ಆ ಮನೆಯ ಗಂಡಸರಲ್ಲಿ ರಂಗಪ್ಪನೆಂಬ ಹೆಸರೇ ಇಲ್ಲದಿದ್ದರೆ ಅದು ತವರಿನಿಂದ ಬಂದ ಹಂಡೆ ಎಂದು ಊಹಿಸಿ, ಮುಂದಿನ ಶೋಧವನ್ನು ತವರಿನ ಊರಿನ ಕಡೆಗೆ ತಿರುಗಿಸಬೇಕು. ಪಹಣಿಯಲ್ಲಿ ಎಲ್ಲಿಯೂ ಕಾಣದ ಮುತ್ತಜ್ಜಿಯೊಬ್ಬರ ಹೆಸರು ಹಾಗೂ ಊರು ಉಳಿದಿರುವುದು ಆ ಎರಡು ಅಂಗುಲದ ಚುಕ್ಕಿಸಾಲಿನಲ್ಲಿ ಮಾತ್ರ ಎನ್ನುವ ಮನೆಗಳು ಬೇಕಾದಷ್ಟಿವೆ.

ಹೆಸರಿನ ಜೊತೆಗೆ ಕೆಲವು ಪಾತ್ರೆಗಳಲ್ಲಿ ತೂಕವನ್ನೋ ಇಸವಿಯನ್ನೋ ಸಂವತ್ಸರವನ್ನೋ ಕೊರೆದಿರುತ್ತಾರೆ. ಒಂದೇ ಪಾತ್ರೆಯ ಮೇಲೆ ಎರಡು ಹೆಸರುಗಳಿದ್ದರೆ ಅದು ತಾಯಿಯಿಂದ ಮಗಳಿಗೆ ಹೋದದ್ದಿರಬಹುದು, ಅಥವಾ ಪಾಲಿನಲ್ಲಿ ಅಣ್ಣನಿಂದ ತಮ್ಮನಿಗೆ ಬಂದದ್ದಿರಬಹುದು.

ಮುಯ್ಯಿ ಪುಸ್ತಕ

ಬೇರೆಲ್ಲ ಕಾಗದಗಳಿಗಿಂತ ಹೆಚ್ಚಾಗಿ ಹುಡುಕಬೇಕಾದದ್ದು ಮದುವೆಯ ಮುಯ್ಯಿ (ಉಡುಗೊರೆ) ಪುಸ್ತಕವನ್ನು. ಚಪ್ಪರದಲ್ಲಿ ಒಬ್ಬರು ಕುಳಿತು, ಯಾರು ಎಷ್ಟು ಮುಯ್ಯಿ ಕೊಟ್ಟು ಓದಿಸಿದರು ಎಂಬುದನ್ನು ಊರಿನ ಹೆಸರಿನೊಡನೆ ಬರೆದುಕೊಂಡ ಆ ಉದ್ದನೆಯ ಪುಸ್ತಕ, ಆ ದಿನ ಆ ಕುಟುಂಬದ ನೆಂಟಸ್ತನ ಎಲ್ಲೆಲ್ಲಿ ಹರಡಿತ್ತು ಎಂಬುದರ ಸಂಪೂರ್ಣ ಪಟ್ಟಿಯಾಗಿದೆ. ಅದನ್ನು ಬರೆದವರು ಚರಿತ್ರೆಗಾಗಿ ಬರೆಯಲಿಲ್ಲ, ಮುಂದೆ ಅವರ ಮನೆಯ ಕಾರ್ಯಕ್ಕೆ ಹಿಂದಿರುಗಿಸಬೇಕಲ್ಲ ಎಂದು ಬರೆದರು. ಆದ್ದರಿಂದಲೇ ಅದರಲ್ಲಿ ಉತ್ಪ್ರೇಕ್ಷೆಯಿಲ್ಲ, ಮರೆವೂ ಕಡಿಮೆ. ಮೊದಲ ಪುಟಗಳಲ್ಲಿ ಸೋದರಮಾವಂದಿರೂ ಹತ್ತಿರದ ಬೀಗರೂ ಇರುತ್ತಾರೆ. ಒಂದೇ ಊರಿನಿಂದ ಹಲವು ಹೆಸರುಗಳು ಸಾಲಾಗಿ ಬಂದಿದ್ದರೆ ಅಲ್ಲಿ ಹಳೆಯ ಸಂಬಂಧವೊಂದು ಇದೆ ಎಂದು ತಿಳಿಯಬೇಕು. ಎರಡು ಪೀಳಿಗೆಗಳ ಮುಯ್ಯಿ ಪುಸ್ತಕಗಳು ಸಿಕ್ಕರಂತೂ ಯಾವ ಊರಿನ ನಂಟು ಉಳಿಯಿತು, ಯಾವುದು ಕಡಿದುಹೋಯಿತು ಎಂಬುದು ಹೋಲಿಕೆಯಿಂದ ತಿಳಿಯುತ್ತದೆ. ಊರುಗಳ ಪಟ್ಟಿ ಮಾಡಿ, ನಕ್ಷೆಯಲ್ಲಿ ಗುರುತಿಸಿ, ಗುರುತಾಗದ ಊರುಗಳನ್ನು ಹಿರಿಯರ ಮುಂದಿಟ್ಟು ಕೇಳಬೇಕು. ಲಗ್ನಪತ್ರಿಕೆಗಳೂ ಇದೇ ವರ್ಗಕ್ಕೆ ಸೇರುತ್ತವೆ. ಅವುಗಳ ಕೊನೆಯಲ್ಲಿ ಸುಖಾಗಮನ ಬಯಸುವವರ ಹೆಸರುಗಳ ಸಾಲನ್ನು ಬಿಡದೆ ಓದಬೇಕು.

ಪಟಗಳು, ಕಡತಗಳು, ಓಲೆಗರಿಗಳು

ಗೋಡೆಯ ಪಟದ ಗಾಜನ್ನು ತೆಗೆಯುವ ಮೊದಲು ಗಾಜಿನ ಮೇಲಿನಿಂದಲೇ ಒಂದು ಫೋಟೊ ತೆಗೆದುಕೊಳ್ಳಬೇಕು. ಅಡಿಗೆಮನೆಯ ಹೊಗೆ, ಮಳೆಗಾಲದ ತೇವ ಸೇರಿ ಚಿತ್ರ ಗಾಜಿಗೆ ಅಂಟಿಕೊಂಡಿದ್ದರೆ ಬಿಡಿಸಲು ಹೋಗಲೇಬಾರದು. ಮೇಲಿನ ಪದರವೇ ಕಿತ್ತುಬರುತ್ತದೆ. ಅಂಟಿಲ್ಲದಿದ್ದರೆ ಹಿಂದಿನ ಹಲಗೆಯನ್ನು ನಿಧಾನವಾಗಿ ತೆಗೆದು ರಟ್ಟಿನ ಹಿಂಭಾಗವನ್ನು ನೋಡಬೇಕು. ಸ್ಟುಡಿಯೋದ ಮುದ್ರೆ, ಊರಿನ ಹೆಸರು, ಪೆನ್ಸಿಲಿನಲ್ಲಿ ಗೀಚಿದ ದಿನಾಂಕ ಅಲ್ಲಿ ಸಿಗಬಹುದು. ಚಿತ್ರದಲ್ಲಿರುವವರನ್ನು ಗುರುತಿಸುವಾಗ ಮೂಲದ ಮೇಲೆ ಬರೆಯದೆ, ನಕಲಿನ ಮೇಲೆ ಎಡದಿಂದ ಬಲಕ್ಕೆ ಸಂಖ್ಯೆ ಹಾಕಿ ಹೆಸರು ಬರೆಸಬೇಕು. ಹಳೆಯ ಚಿತ್ರಗಳಲ್ಲಿ ತೀರಿಕೊಂಡವರನ್ನು ಕುರ್ಚಿಯಲ್ಲಿ ಕೂರಿಸಿ ಮನೆಯವರೆಲ್ಲ ಸುತ್ತ ನಿಂತು ತೆಗೆಸಿಕೊಂಡದ್ದೂ ಇರುತ್ತದೆ. ಅದರ ಮೇಲೆ ದಿನಾಂಕವಿದ್ದರೆ ಅದು ಸಾವಿನ ದಿನವನ್ನೇ ತಿಳಿಸುವ ಆಧಾರ.

ಶಾನುಭೋಗರ, ವರ್ತಕರ ಮನೆತನಗಳಲ್ಲಿ ಕಡತಗಳು ದೊರೆಯುತ್ತವೆ. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲ ಪುಡಿಯನ್ನು ಬಳಿದು ಗಟ್ಟಿ ಮಾಡಿ, ಮಡಿಕೆ ಮಡಿಕೆಯಾಗಿ ಮಡಿಸಿ, ಕಪ್ಪು ಮೈಯ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಬಳಪದ ಬರಹ ಅಳಿಸಿ ಮತ್ತೆ ಬರೆಯುವುದಕ್ಕೆಂದೇ ಇದ್ದದ್ದು. ಧೂಳು ಕೂತಿದೆ ಎಂದು ಬಟ್ಟೆಯಿಂದ ಒರೆಸಿದರೆ ನೂರು ವರ್ಷದ ಲೆಕ್ಕ ಧೂಳಿನ ಜೊತೆಯಲ್ಲಿಯೇ ಹೊರಟುಹೋಗುತ್ತದೆ. ಕಡತವನ್ನು ಮೇಜಿನ ಮೇಲೆ ಚಪ್ಪಟೆಯಾಗಿಟ್ಟು, ಮಡಿಕೆಗಳನ್ನು ಬಲವಂತವಾಗಿ ಬಿಡಿಸದೆ, ಓರೆ ಬೆಳಕಿನಲ್ಲಿ ಒಂದೊಂದು ಮುಖದ ಫೋಟೊ ತೆಗೆಯುವುದಷ್ಟೇ ಮನೆಯಲ್ಲಿ ಮಾಡಬಹುದಾದ ಕೆಲಸ. ಓಲೆಗರಿಗಳಿದ್ದರೆ ಎಣ್ಣೆ ಹಚ್ಚುವ ಪ್ರಯೋಗಗಳಿಗೆ ಕೈ ಹಾಕದೆ, 1891ರಲ್ಲಿ ಸ್ಥಾಪನೆಯಾದ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಂಥ ಸಂಸ್ಥೆಯ ತಜ್ಞರ ಸಲಹೆ ಪಡೆಯುವುದು ಮೇಲು. ಕೋಲಾರದ ಕಡೆಯ ಹಳೆಯ ಪತ್ರಗಳು ತೆಲುಗು ಲಿಪಿಯಲ್ಲಿಯೂ, ಕೆಲವು ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯಲ್ಲಿಯೂ ಇರುವುದುಂಟು. ಓದಲು ಬಾರದ ಲಿಪಿ ಎಂಬ ಕಾರಣಕ್ಕೆ ಯಾವುದನ್ನೂ ಎಸೆಯಬಾರದು.

ನಾಲ್ಕನೆಯ ಹೆಜ್ಜೆ: ಕಾಲವನ್ನು ನಿರ್ಧರಿಸುವುದು

ಜಾತಕ, ಲಗ್ನಪತ್ರಿಕೆ, ಪಾತ್ರೆಗಳಲ್ಲಿ ಇಸವಿಗೆ ಬದಲಾಗಿ ಸಂವತ್ಸರವಿದ್ದರೆ ಲೆಕ್ಕ ಸುಲಭ. ಅರವತ್ತು ಸಂವತ್ಸರಗಳ ಮೊದಲನೆಯದಾದ ಪ್ರಭವ 1867, 1927 ಮತ್ತು 1987ರ ಯುಗಾದಿಗಳಂದು ಆರಂಭವಾಯಿತು. ಬೇಕಾದ ಸಂವತ್ಸರ ಪ್ರಭವದಿಂದ ಎಷ್ಟನೆಯದು ಎಂದು ಎಣಿಸಿ, ಒಂದು ಕಳೆದು, ಈ ಇಸವಿಗಳಿಗೆ ಕೂಡಿಸಬೇಕು. ಧಾತು ಹತ್ತನೆಯದು; ಆದ್ದರಿಂದ ಅದು 1876, 1936 ಅಥವಾ 1996ರ ಯುಗಾದಿಯಿಂದ ಮೊದಲಾಗುತ್ತದೆ. “ಧಾತು ಸಂ. ಮಾಘ” ಎಂದಿದ್ದರೆ ಮಾಘಮಾಸ ಮುಂದಿನ ಇಂಗ್ಲಿಷ್ ವರ್ಷದಲ್ಲಿ ಬೀಳುವುದರಿಂದ 1877 ಅಥವಾ 1937 ಎಂದು ಹಿಡಿಯಬೇಕು. ಈ ಎರಡರಲ್ಲಿ ಯಾವುದು ಎಂಬುದನ್ನು ಆ ವ್ಯಕ್ತಿಯ ಮಕ್ಕಳ ವಯಸ್ಸು ನಿರ್ಧರಿಸುತ್ತದೆ. ಶಾಲಿವಾಹನ ಶಕವರ್ಷ ಕೊಟ್ಟಿದ್ದರೆ 78 ಕೂಡಿಸಿದರೆ ಸಾಕು. ವರ್ಷದ ಕೊನೆಯ ತಿಂಗಳುಗಳಿಗೆ 79. ಪೂರ್ಣ ಜಾತಕದಲ್ಲಿ ತಿಥಿ, ವಾರ, ನಕ್ಷತ್ರ ಮೂರೂ ಇರುವುದರಿಂದ ಪಂಚಾಂಗ ಬಲ್ಲವರು ದಿನಾಂಕವನ್ನೇ ಹೇಳಬಲ್ಲರು.

ಹಿರಿಯರ ಬಾಯಲ್ಲಿ ಬರುವ ಧಾತು, ಈಶ್ವರ ಸಂವತ್ಸರಗಳ ಬರ ಎಂದರೆ 1876ರಿಂದ 1878ರ ಮಹಾ ಕ್ಷಾಮ. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಹೊತ್ತಿಗೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಬಯಲುಸೀಮೆಯ ಅನೇಕ ಕುಟುಂಬಗಳ ಕಥೆ ಆ ಬರದಿಂದಲೇ ಶುರುವಾಗುವುದಕ್ಕೆ ಇದೇ ಕಾರಣ: ಸತ್ತವರ ಹೆಸರು ಹೇಳುವವರು ಉಳಿಯಲಿಲ್ಲ, ಉಳಿದವರು ಊರು ಬಿಟ್ಟು ಬಂದಿದ್ದರು. 1898ರಲ್ಲಿ, ಎಂದರೆ ವಿಳಂಬಿ ಸಂವತ್ಸರದಲ್ಲಿ, ಸಂಸ್ಥಾನಕ್ಕೆ ಬಂದ ಪ್ಲೇಗು ಮತ್ತು 1918ರ ಇನ್‌ಫ್ಲುಯೆಂಜಾ ಕೂಡ ಇಂಥ ಗುರುತುಗಳು.

ತಾರೀಖಿಲ್ಲದ ಕಾಗದಗಳಿಗೆ ಬೇರೆ ಆಧಾರಗಳಿವೆ. ಆಣೆ, ಕಾಸುಗಳ ಲೆಕ್ಕವಿದ್ದರೆ ಅದು ಬಹುತೇಕ 1957ರ ಏಪ್ರಿಲ್‌ಗಿಂತ ಹಿಂದಿನದು. ಗಂಡಭೇರುಂಡದ ಮುದ್ರೆಯ ಮೈಸೂರು ಸರ್ಕಾರದ ಛಾಪಾ ಕಾಗದ ಸಾಮಾನ್ಯವಾಗಿ ಸಂಸ್ಥಾನದ ಕಾಲವನ್ನು ಸೂಚಿಸುತ್ತದೆ. ಕರ್ನಾಟಕ ಎಂಬ ರಾಜ್ಯದ ಹೆಸರು ಇದ್ದರೆ ಅದು 1973ರ ನವೆಂಬರಿನ ನಂತರದ್ದು. ಅಂಚೆ ಕಾರ್ಡಿನ ವಿಳಾಸದಲ್ಲಿ ಪಿನ್‌ಕೋಡ್ ಇದ್ದರೆ ಅದು 1972ರ ಆಗಸ್ಟ್ 15ರ ಈಚಿನದು. ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ. ಆದ್ದರಿಂದ ಶಿಡ್ಲಘಟ್ಟ, ಗೌರಿಬಿದನೂರು, ಗುಡಿಬಂಡೆಗಳ ಹಳೆಯ ದಾಖಲೆಗಳನ್ನೆಲ್ಲ ಕೋಲಾರ ಜಿಲ್ಲೆಯ ಹೆಸರಿನಲ್ಲಿಯೇ ಹುಡುಕಬೇಕು.

ಐದನೆಯ ಹೆಜ್ಜೆ: ಕಚೇರಿಯ ದಾಖಲೆಗಳಿಗೆ ಹೋಗುವುದು

ಊರು, ಹೆಸರು ಮತ್ತು ಅಂದಾಜು ಕಾಲ ಕೈಗೆ ಬಂದ ಮೇಲೆಯೇ ಕಚೇರಿಗೆ ಹೋಗಬೇಕು. ಮೊದಲು ಇಂದಿನ ಪಹಣಿಯಿಂದ ಸರ್ವೆ ನಂಬರನ್ನು ತಿಳಿದು, ಅದರಿಂದ ಹಿಂದಕ್ಕೆ ನಡೆಯಬೇಕು. ಕೈಬರಹದ ಹಳೆಯ ಪಹಣಿಗಳು, ಖಾತೆ ಬದಲಾವಣೆಯ ಮ್ಯುಟೇಶನ್ ರಿಜಿಸ್ಟರು, ಜಮೀನುಗಳ ಸೂಚಿಯಾದ ಇಂಡೆಕ್ಸ್ ಆಫ್ ಲ್ಯಾಂಡ್ಸ್, ಹಕ್ಕು ದಾಖಲೆ ಇವುಗಳ ದೃಢೀಕೃತ ನಕಲಿಗೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಅರ್ಜಿ ಕೊಡಬಹುದು. ರೆಕಾರ್ಡ್ ರೂಮುಗಳ ಕಡತಗಳನ್ನು ಸ್ಕ್ಯಾನ್ ಮಾಡುವ ಭೂ ಸುರಕ್ಷಾ ಯೋಜನೆಯಿಂದ ಈ ಕೆಲಸ ಕ್ರಮೇಣ ಹಗುರವಾಗುತ್ತಿದೆ.

ಸರ್ವೆ ನಂಬರಿನ ಪಕ್ಕದಲ್ಲಿರುವ ಹಿಸ್ಸಾ ಸಂಖ್ಯೆಯನ್ನು ಕಡೆಗಣಿಸಬಾರದು. 42/1, 42/2, 42/3 ಎಂದು ಜಮೀನು ಒಡೆದಿದ್ದರೆ ಅಲ್ಲಿ ಅಣ್ಣತಮ್ಮಂದಿರ ಪಾಲು ಆಗಿರುವ ಸಂಭವ ಹೆಚ್ಚು. ಭೂಮಾಪನ ಇಲಾಖೆಯಲ್ಲಿರುವ ಹಿಸ್ಸಾ ಟಿಪ್ಪಣಿಯಲ್ಲಿ ಆ ಕಾಲಕ್ಕೆ ಅನುಭವದಲ್ಲಿದ್ದವರ ಹೆಸರುಗಳು ನಕಾಶೆಯೊಡನೆ ಸಿಗುತ್ತವೆ. ಹೆಸರೇ ಕೇಳದ ಚಿಕ್ಕತಾತ, ದೊಡ್ಡತಾತಂದಿರು ಪಕ್ಕದ ಹಿಸ್ಸೆಯಲ್ಲಿ ಕಾಣಿಸಿಕೊಂಡಾಗ ವಂಶವೃಕ್ಷ ಅಗಲಕ್ಕೆ ಬೆಳೆಯುತ್ತದೆ. ಕ್ರಯಪತ್ರ, ಭೋಗ್ಯಪತ್ರ, ವಿಭಾಗಪತ್ರಗಳಿಗೆ ಉಪನೋಂದಣಾಧಿಕಾರಿಗಳ ಕಚೇರಿಗೆ ಹೋಗಬೇಕು. ಅವುಗಳಲ್ಲಿ ಚೆಕ್ಕುಬಂದಿಯನ್ನು ಗಮನವಿಟ್ಟು ಓದಬೇಕು. ಪೂರ್ವಕ್ಕೆ ಯಾರ ಜಮೀನು, ಪಶ್ಚಿಮಕ್ಕೆ ಯಾರ ಜಮೀನು ಎಂದು ಬರೆದ ಹೆಸರುಗಳಲ್ಲಿ ದಾಯಾದಿಗಳು ಇದ್ದೇ ಇರುತ್ತಾರೆ.

ಸ್ವಂತ ಜಮೀನಿನ ಕಾಗದ ಕಡಿಮೆಯಿದ್ದ ಕುಟುಂಬಗಳು ನಿರಾಶರಾಗಬೇಕಾಗಿಲ್ಲ. ತೋಟಿ, ತಳವಾರ, ನೀರಗಂಟಿ ಮುಂತಾದ ಗ್ರಾಮಸೇವೆಯ ಹುದ್ದೆಗಳು 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರ ಫೆಬ್ರವರಿ 1ರಂದು ಜಾರಿಗೆ ಬಂದಾಗ ಕೊನೆಗೊಂಡವು. ಅವುಗಳಿಗೆ ಸೇರಿದ್ದ ಇನಾಂ ಜಮೀನನ್ನು ಸೇವೆಯಲ್ಲಿದ್ದವರಿಗೆ ಮರುಮಂಜೂರು ಮಾಡುವಾಗ ಹುದ್ದೆ ಯಾರಿಂದ ಯಾರಿಗೆ ಬಂತು ಎಂಬ ವಿಚಾರಣೆ ನಡೆದಿರುತ್ತದೆ. 1974ರ ಮಾರ್ಚಿನಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯ ನಂತರ ಗೇಣಿದಾರರು ಭೂ ನ್ಯಾಯಮಂಡಳಿಗೆ ಸಲ್ಲಿಸಿದ ನಮೂನೆ 7ರ ಅರ್ಜಿಗಳ ಕಡತದಲ್ಲಿ, ಎಷ್ಟು ತಲೆಮಾರಿನಿಂದ ಉಳುತ್ತಿದ್ದೇವೆ ಎಂಬ ಹೇಳಿಕೆಗಳಿರಬಹುದು. ಮಡಿಸಿ ಮಡಿಸಿ ಹರಿದುಹೋದ ಸಾಗುವಳಿ ಚೀಟಿಯೊಂದು (ಸರ್ಕಾರಿ ಜಮೀನನ್ನು ಮಂಜೂರು ಮಾಡಿದ ಪತ್ರ) ಟ್ರಂಕಿನಲ್ಲಿದ್ದರೆ ಅದು ಮೂಲ ಮಂಜೂರಿದಾರರ ಹೆಸರನ್ನೂ ದಿನಾಂಕವನ್ನೂ ಕೊಡುವ ಅಮೂಲ್ಯ ಪತ್ರ.

ಪೌತಿ ಖಾತೆಗಾಗಿ, ಎಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದಕ್ಕಾಗಿ, ಹಿಂದೆ ಮಾಡಿಸಿದ ವಂಶವೃಕ್ಷದ ಪ್ರತಿ ಅನೇಕ ಮನೆಗಳಲ್ಲಿದೆ. ಅದನ್ನು ಆರಂಭಕ್ಕೆ ಬಳಸಬಹುದು, ಆದರೆ ಪೂರ್ತಿ ನಂಬಬಾರದು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಾನ ಹಕ್ಕು ಕೊಟ್ಟ ರಾಜ್ಯದ ತಿದ್ದುಪಡಿ 1994ರಲ್ಲಿ ಜಾರಿಗೆ ಬಂತು. ಅದಕ್ಕಿಂತ ಹಿಂದಿನ ಪಟ್ಟಿಗಳಲ್ಲಿ, ಎಷ್ಟೋ ಸಲ ಆ ಬಳಿಕದವುಗಳಲ್ಲಿಯೂ, ಹೆಣ್ಣುಮಕ್ಕಳ ಹೆಸರನ್ನು ಬಿಟ್ಟಿರುತ್ತಾರೆ. ಬಿಟ್ಟುಹೋದ ಆ ಹೆಸರುಗಳನ್ನು ಪಾತ್ರೆ, ಮುಯ್ಯಿ ಪುಸ್ತಕ, ಹಿರಿಯರ ಮಾತುಗಳಿಂದ ತುಂಬಿಸುವುದು ಈ ಕೆಲಸದ ಹೃದಯಭಾಗ ಎಂದು ನಾನು ಭಾವಿಸುತ್ತೇನೆ.

ಶಾಲೆಯ ದಾಖಲಾತಿ ರಿಜಿಸ್ಟರಿನಲ್ಲಿ ತಂದೆಯ ಹೆಸರು ಮತ್ತು ಊರು ವಿಶ್ವಾಸಾರ್ಹ. ಹುಟ್ಟಿದ ದಿನಾಂಕವನ್ನು ಮೇಷ್ಟ್ರು ಅಂದಾಜಿನಲ್ಲಿ ಬರೆದಿರಬಹುದು. ಸಂಸ್ಥಾನದ ಕಾಲದ ಸರ್ಕಾರಿ ಕಡತಗಳಿಗೆ ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆಯನ್ನು ಸಂಪರ್ಕಿಸಬೇಕು.

ಕೋಲಾರದ ಚಿನ್ನದ ಗಣಿಯ (ಕೆಜಿಎಫ್) ಕುಟುಂಬಗಳಿಗೆ

ಕೆಜಿಎಫ್‌ನ ಕುಟುಂಬಗಳಿಗೆ ಜಮೀನಿನ ದಾಖಲೆಯ ಬದಲು ಗಣಿಯ ದಾಖಲೆಯೇ ಆಧಾರ. 1880ರ ದಶಕದಿಂದ ಉತ್ತರ ಆರ್ಕಾಟು, ಚಿತ್ತೂರು ಮುಂತಾದ ಕಡೆಗಳಿಂದ ಬಂದವರ ಮನೆಗಳಲ್ಲಿ ಹಿತ್ತಾಳೆಯ ಟೋಕನ್, ಸಂಬಳದ ಚೀಟಿ, ಭವಿಷ್ಯನಿಧಿಯ ಪತ್ರಗಳು ಉಳಿದಿವೆ. ಕಾಗದದ ಮೇಲಿನ ಸಂಸ್ಥೆಯ ಹೆಸರಿನಿಂದ ಕಾಲ ತಿಳಿಯುತ್ತದೆ: ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ, ಮೈಸೂರು ಮೈನ್ ಎಂಬ ಬೇರೆ ಬೇರೆ ಕಂಪನಿಗಳ ಹೆಸರಿದ್ದರೆ 1956ರಲ್ಲಿ ರಾಜ್ಯ ಸರ್ಕಾರ ಗಣಿಗಳನ್ನು ವಹಿಸಿಕೊಳ್ಳುವ ಮೊದಲಿನದು, ಭಾರತ್ ಗೋಲ್ಡ್ ಮೈನ್ಸ್ ಎಂದಿದ್ದರೆ 1972ರ ನಂತರದ್ದು. ಕ್ರೈಸ್ತ ಕುಟುಂಬಗಳಿಗೆ ಚರ್ಚಿನ ದೀಕ್ಷಾಸ್ನಾನದ, ಮದುವೆಯ ರಿಜಿಸ್ಟರುಗಳು ಮತ್ತು ಸಮಾಧಿಗಳ ಬರಹಗಳೂ ನೆರವಾಗುತ್ತವೆ.

ಆರನೆಯ ಹೆಜ್ಜೆ: ಮನೆದೇವರ ದಾರಿ

ಕಾಗದವೂ ಪಾತ್ರೆಯೂ ಮುಗಿದ ಕಡೆ ಮನೆದೇವರು ದಾರಿ ತೋರಿಸುವುದುಂಟು. ಶಿಡ್ಲಘಟ್ಟದ ಕಡೆಯ ಕುಟುಂಬವೊಂದು ತಲೆಮಾರುಗಳಿಂದ ಕುಣಿಗಲ್ ತಾಲ್ಲೂಕಿನ ಸಣ್ಣ ಊರೊಂದರ ದೇವರಿಗೆ ನಡೆದುಕೊಳ್ಳುತ್ತಿದ್ದರೆ, ಪೂರ್ವಿಕರು ಆ ಕಡೆಯಿಂದ ವಲಸೆ ಬಂದಿರಬಹುದು ಎಂದು ಶಂಕಿಸಲು ಅವಕಾಶವಿದೆ. ಯಡಿಯೂರು, ಚಿಕ್ಕತಿರುಪತಿಗಳಂಥ ಪ್ರಸಿದ್ಧ ಕ್ಷೇತ್ರಗಳಿಗೆ ದೂರದವರೆಲ್ಲ ಒಕ್ಕಲಾಗಿರುವುದರಿಂದ ಅವುಗಳಿಂದ ಹೆಚ್ಚು ತಿಳಿಯದು. ಹೊರಗಿನವರಿಗೆ ಹೆಸರೇ ಗೊತ್ತಿಲ್ಲದ ಗ್ರಾಮದೇವತೆಯಾದರೆ ಅದು ಬಲವಾದ ಸುಳಿವು. ಆ ಊರಿನ ಪೂಜಾರಿಯನ್ನು ಕಂಡು, ಒಕ್ಕಲಿನ ಪಟ್ಟಿಯಲ್ಲಿ ಬೇರೆ ಯಾವ ಊರಿನವರಿದ್ದಾರೆ, ನಿಮ್ಮದೇ ಬೆಡಗಿನವರು (ಒಂದೇ ಕುಲದ ಕವಲಿನವರು) ಯಾರು ಎಂದು ವಿಚಾರಿಸಬೇಕು. ಮನೆಗಳಿಗೆ ಬಂದು ವಂಶಾವಳಿಯನ್ನು ಹೇಳುವ ಹೆಳವರು ಉತ್ತರ ಕರ್ನಾಟಕದಲ್ಲಿ ಹೆಚ್ಚಾಗಿದ್ದರೂ, ನಿಮ್ಮ ಕುಲದವರಿಗೆ ಹೆಳವರು ಇದ್ದರೇ ಎಂದು ಹಿರಿಯರನ್ನು ಕೇಳಿ ನೋಡುವುದು ಒಳ್ಳೆಯದು. ಹಿಂದೆ ಯಾರಾದರೂ ಗಯೆಗೆ ಪಿಂಡಪ್ರದಾನಕ್ಕೆ ಹೋಗಿದ್ದರೆ ಅಲ್ಲಿನ ಪಂಡರ ವಹಿಗಳಲ್ಲಿ ಊರು, ಹೆಸರು ಸಿಗುವ ಸಾಧ್ಯತೆಯಿದೆ.

ಊರಿನ ವೀರಗಲ್ಲು, ಕೆರೆಯ ಶಾಸನಗಳಿಗೆ ಬಿ. ಎಲ್. ರೈಸ್ ಅವರ ಎಪಿಗ್ರಾಫಿಯ ಕರ್ನಾಟಿಕದ 10ನೆಯ ಸಂಪುಟವನ್ನು ಕೋಲಾರಕ್ಕೂ, 12ನೆಯದನ್ನು ತುಮಕೂರಿಗೂ ನೋಡಬೇಕು. ಅವು ಊರಿನ ಹಳಮೆಯನ್ನು ತಿಳಿಸುತ್ತವೆ. ಅಲ್ಲಿನ ಗೌಡನ ಹೆಸರು ನಿಮ್ಮ ಮನೆಯಲ್ಲಿಯೂ ಇದೆ ಎಂಬ ಮಾತ್ರಕ್ಕೆ ಆತ ನಿಮ್ಮ ಪೂರ್ವಿಕನಾಗುವುದಿಲ್ಲ. ಆವತಿಯ ನಾಡಪ್ರಭುಗಳಿಂದಲೋ ಮಧುಗಿರಿಯ ಪಾಳೆಯಗಾರರಿಂದಲೋ ಮೊದಲು ಮಾಡಿ ಕೆಳಗಿಳಿಯುವ ಆಸೆ ಅನೇಕರಿಗಿದೆ. ನಮ್ಮಿಂದ ಮೊದಲಾಗಿ, ಪ್ರತಿ ಮೆಟ್ಟಿಲಿಗೂ ಆಧಾರ ಇಟ್ಟುಕೊಂಡು ಮೇಲಕ್ಕೆ ಹೋಗುವುದೊಂದೇ ಸರಿಯಾದ ವಿಧಾನ.

ಏಳನೆಯ ಹೆಜ್ಜೆ: ಕಾಪಾಡುವುದು

ಪತ್ರಗಳಿಗೆ ಲ್ಯಾಮಿನೇಷನ್ ಮಾಡಿಸಬಾರದು. ಶಾಖ ಮತ್ತು ಅಂಟು ಕಾಗದದೊಳಕ್ಕೆ ಇಳಿದ ಮೇಲೆ ಅದನ್ನು ಬಿಡಿಸಲಾಗುವುದಿಲ್ಲ. ಆಮ್ಲರಹಿತ ಕಾಗದ ಸಿಕ್ಕರೆ ಅದರಲ್ಲಿ, ಇಲ್ಲದಿದ್ದರೆ ಒಗೆದು ಚೆನ್ನಾಗಿ ಒಣಗಿಸಿದ ಬಿಳಿಯ ಹತ್ತಿಬಟ್ಟೆಯಲ್ಲಿ ಸುತ್ತಿ, ಗೋಡೆಗೂ ನೆಲಕ್ಕೂ ತಾಗದ ಕಡೆ ಇಡಬೇಕು. ನುಸಿಗುಳಿಗೆಯ ಬದಲು ಬಜೆಯನ್ನೋ ಒಣಗಿದ ಬೇವಿನ ಸೊಪ್ಪನ್ನೋ ಬಟ್ಟೆಯ ಗಂಟಿನಲ್ಲಿ ಕಟ್ಟಿ, ಪತ್ರಕ್ಕೆ ತಾಗದಂತೆ ಪೆಟ್ಟಿಗೆಯ ಮೂಲೆಯಲ್ಲಿಡಬಹುದು. ಮಳೆಗಾಲ ಕಳೆದ ಮೇಲೆ ಒಮ್ಮೆ ತೆರೆದು ಗೆದ್ದಲು, ಬೂಷ್ಟು ಇದೆಯೇ ಎಂದು ನೋಡಿ, ನೆರಳಿನಲ್ಲಿ ಗಾಳಿಯಾಡಿಸಬೇಕು.

ಫೋಟೊ ಮತ್ತು ಪತ್ರಗಳನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಫೈಲಿನ ಹೆಸರಿನಲ್ಲಿಯೇ ನೋಟ್‌ಬುಕ್ಕಿನ ಸಂಖ್ಯೆ ಬರುವಂತೆ ಉಳಿಸಬೇಕು. ಎರಡು ಬೇರೆ ಮನೆಗಳಲ್ಲಿ ಹಾರ್ಡ್‌ಡಿಸ್ಕ್ ಪ್ರತಿ, ಜೊತೆಗೆ ಇಂಟರ್‌ನೆಟ್ಟಿನ ಖಾತೆಯೊಂದರಲ್ಲಿ ಇನ್ನೊಂದು ಪ್ರತಿ ಇರಲಿ. ವಾಟ್ಸ್ಆ್ಯಪ್‌ನಲ್ಲಿ ಚಿತ್ರವಾಗಿ ಕಳುಹಿಸಿದರೆ ಸ್ಪಷ್ಟತೆ ಕುಗ್ಗುತ್ತದೆ. ಡಾಕ್ಯುಮೆಂಟ್ ಆಗಿ ಕಳುಹಿಸಬೇಕು.

ಎಂಟನೆಯ ಹೆಜ್ಜೆ: ಬರೆದು ಹಂಚುವುದು

ವಂಶವೃಕ್ಷವನ್ನು ಬರೆಯುವಾಗ ಪ್ರತಿ ಹೆಸರಿನ ಪಕ್ಕದಲ್ಲಿ ಆಧಾರದ ಸಂಖ್ಯೆಯನ್ನು ಹಾಕಬೇಕು. ಹಂಡೆ 14, ಮುಯ್ಯಿ ಪುಸ್ತಕ 3, ಹಿಸ್ಸಾ ಟಿಪ್ಪಣಿ, ಸೋದರತ್ತೆಯ ಮಾತು ಹೀಗೆ. ಎರಡು ಬೇರೆ ಬಗೆಯ ಆಧಾರಗಳು ಒಪ್ಪಿದ ಸಂಬಂಧವನ್ನು ಗಟ್ಟಿ ಗೆರೆಯಿಂದಲೂ, ಒಂದೇ ಆಧಾರವಿರುವುದನ್ನು ತುಂಡುಗೆರೆಯಿಂದಲೂ ತೋರಿಸಿದರೆ ಮುಂದೆ ಕೆಲಸ ಮುಂದುವರಿಸುವವರಿಗೆ ಗೊಂದಲವಾಗುವುದಿಲ್ಲ. ಹೆಣ್ಣುಮಕ್ಕಳನ್ನೂ ಸೊಸೆಯಂದಿರನ್ನೂ ತವರೂರಿನ ಹೆಸರಿನೊಡನೆ ಬರೆಯಬೇಕು. ಬದುಕಿರುವವರ ಹುಟ್ಟಿದ ದಿನಾಂಕ, ದತ್ತು ಮುಂತಾದ ವಿವರಗಳನ್ನು ಅವರ ಒಪ್ಪಿಗೆಯಿಲ್ಲದೆ ಹಂಚಬಾರದು.

ಮನೆ ಪಾಲಾಗುವ ಅಥವಾ ಕೆಡವುವ ಮಾತು ಬಂದಾಗ, ಯಾವ ಸಂಖ್ಯೆಯ ವಸ್ತು ಯಾರ ಮನೆಗೆ ಹೋಗುತ್ತಿದೆ ಎಂಬ ಪಟ್ಟಿಯನ್ನು ಬರೆದು, ಪಡೆದವರ ಸಹಿ ಹಾಕಿಸಿ, ಅದರ ನಕಲನ್ನು ಎಲ್ಲ ಅಣ್ಣತಮ್ಮಂದಿರಿಗೂ, ಹೊರಗೆ ಮದುವೆಯಾಗಿ ಹೋಗಿರುವ ಅಕ್ಕತಂಗಿಯರಿಗೂ ತಲುಪಿಸಬೇಕು.